ನಾವು ಹೇಳುವ ಮೊದಲೇ ಹೇಳಿಬಿಡುವ ಕುಕೀಗಳು

ಅಮ್ಮನ ಬಯಾಪ್ಸಿ ರಿಪೋರ್ಟ್ ಕೈಗೆ ಬಂದದ್ದು ಒಂದು ಶುಕ್ರವಾರ ಸಂಜೆ. ಅದರಲ್ಲಿದ್ದ ಎರಡು ಶಬ್ದ ನನಗೆ ತಿಳಿಯಲಿಲ್ಲ, ಡಾಕ್ಟರು ಸಿಗುವುದು ಸೋಮವಾರ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪ ಹಾಕಿಕೊಂಡು ಕೂತು ಫೋನಿನಲ್ಲಿ ಆ ಶಬ್ದಗಳನ್ನು ಹುಡುಕಿದೆ. ಐದಾರು ಆಸ್ಪತ್ರೆಗಳ ಪುಟ ತೆರೆದೆ. ಚಿಕಿತ್ಸೆಗೆ ಎಷ್ಟಾಗುತ್ತದೆ ಅಂತ ನೋಡಿದೆ. ಪುಟದ ಕೆಳಗೆ ಕುಕೀಗೆ ಒಪ್ಪಿಗೆ ಕೇಳುವ ಪಟ್ಟಿ ಬಂದಾಗಲೆಲ್ಲ ಓದದೆ ‘ಅಕ್ಸೆಪ್ಟ್’ ಒತ್ತಿದೆ. ಅಮ್ಮನಿಗೆ ಹೇಗೆ ಹೇಳುವುದು ಅಂತ ಅಣ್ಣನೂ ನಾನೂ ಭಾನುವಾರ ಕೂತು ಮಾತಾಡುವುದು ಅಂತಾಗಿತ್ತು.

ಶನಿವಾರ ಬೆಳಿಗ್ಗೆ ಅಮ್ಮ ಮೊಮ್ಮಗನ ಫೋಟೊ ತೋರಿಸು ಅಂದಳು. ಒಂದು ಸಾಮಾಜಿಕ ಜಾಲತಾಣ ತೆರೆದು ಫೋನ್ ಅವಳ ಕೈಗೆ ಕೊಟ್ಟೆ. ಎರಡು ಫೋಟೊ ಸರಿಸಿದಳು. ಮೂರನೆಯದು ಜಾಹೀರಾತು. ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸು, ಕೆಳಗೆ ಕ್ಯಾನ್ಸರ್ ಚಿಕಿತ್ಸೆಯ ಪ್ಯಾಕೇಜು. ಒಂದು ಫೋಟೊ ಆದ ಮೇಲೆ ಇನ್ನೊಂದು ಅಂಥದ್ದೇ. ಅಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖ ನೋಡಿದಳು. “ನೀನು ಇದನ್ನೆಲ್ಲ ಯಾಕೆ ನೋಡ್ತಿದ್ದೀಯ?” ಅಂತ ಕೇಳಿದಳು.

ಆ ಸುದ್ದಿ ಅವಳಿಗೆ ಮಗಳ ಬಾಯಿಂದ ಹೋಗಬೇಕಿತ್ತು. ‘ನಾನೇನು ಕಳ್ಳತನ ಮಾಡಿದ್ದೀನಾ, ಮುಚ್ಚಿಡೋಕೆ ಏನಿದೆ’ ಎನ್ನುವವರಿಗೆ ನಾನು ಈಗ ಈ ಬೆಳಗಿನ ಕಥೆ ಹೇಳುತ್ತೇನೆ. ಮನೆಯ ಮಾತನ್ನು ಯಾರಿಗೆ, ಯಾವಾಗ, ಯಾವ ದನಿಯಲ್ಲಿ ಹೇಳಬೇಕು ಅನ್ನುವುದು ಮನೆಯವರ ಕೈಯಲ್ಲಿರಬೇಕು. ಖಾಸಗಿತನ ಅಂದರೆ ನನ್ನ ಮಟ್ಟಿಗೆ ಇಷ್ಟೇ. ಅದನ್ನು ಕೈಗೆ ತೆಗೆದುಕೊಳ್ಳಲು ತಂತ್ರಜ್ಞಾನ ಓದಿರಬೇಕಾಗಿಲ್ಲ. ಫೋನ್ ಹಿಡಿದು ಅರ್ಧ ಗಂಟೆ ಕೂತರೆ ಬಹುಪಾಲು ಕೆಲಸ ಮುಗಿಯುತ್ತದೆ. ಯಾವ ಕೆಲಸ ಮೊದಲು, ಯಾವುದು ವ್ಯರ್ಥ ಅಂತ ಗೊತ್ತಿರಬೇಕು, ಅಷ್ಟೆ.

ಚಪ್ಪಲಿ ಸ್ಟ್ಯಾಂಡಿನ ಟೋಕನ್

ಧರ್ಮಸ್ಥಳದಲ್ಲೋ ಉಡುಪಿಯಲ್ಲೋ ದೇವರ ದರ್ಶನಕ್ಕೆ ಹೋಗುವ ಮೊದಲು ಚಪ್ಪಲಿ ಬಿಟ್ಟು ಟೋಕನ್ ತೆಗೆದುಕೊಳ್ಳುತ್ತೇವಲ್ಲ, ಕುಕೀ ಅಂದರೆ ಅದೇ. ಕೌಂಟರಿನ ಹಿಂದಿರುವವನಿಗೆ ನೀವು ಯಾರು ಅಂತ ಗೊತ್ತಿಲ್ಲ, ಸಾವಿರ ಜನರ ಮುಖ ಅವನಿಗೆ ನೆನಪಿರುವುದೂ ಇಲ್ಲ. ನಂಬರ್ ನೋಡಿ ನಿಮ್ಮ ಚಪ್ಪಲಿ ಕೊಡುತ್ತಾನೆ. ವೆಬ್‌ಸೈಟುಗಳದ್ದೂ ಅದೇ ಮರೆವು. ಒಂದು ಪುಟದಿಂದ ಇನ್ನೊಂದಕ್ಕೆ ಹೋದರೆ ಸೈಟಿನ ಲೆಕ್ಕದಲ್ಲಿ ನೀವು ಹೊಸಬರು. ಹಾಗಾಗಿ ಅದು ನಿಮ್ಮ ಬ್ರೌಸರಿನ ಕೈಗೆ ಒಂದು ಸಣ್ಣ ಚೀಟಿ ಕೊಡುತ್ತದೆ, ಮುಂದಿನ ಸಲ ಬ್ರೌಸರು ಆ ಚೀಟಿ ತೋರಿಸುತ್ತದೆ. ರೈಲು ಟಿಕೆಟ್ ಬುಕ್ ಮಾಡುವಾಗ ನೀವು ಲಾಗಿನ್ ಆಗಿಯೇ ಉಳಿಯುವುದು, ಬುಟ್ಟಿಗೆ ಹಾಕಿದ ಪುಸ್ತಕ ಅಲ್ಲೇ ಇರುವುದು ಈ ಚೀಟಿಯಿಂದಲೇ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಎಂಬ ಎಂಜಿನಿಯರ್ ಇದನ್ನು ರೂಪಿಸಿದ್ದು ಆನ್‌ಲೈನ್ ಅಂಗಡಿಯ ಬುಟ್ಟಿಗೆ ನೆನಪಿನ ಶಕ್ತಿ ಕೊಡಲೆಂದು.

ಈ ಟೋಕನ್ನಿನಿಂದ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಬೇರೆ ಕಡೆ. ಚಿಕ್ಕಪೇಟೆಯ ಪ್ರತಿ ಅಂಗಡಿಯ ಮೂಲೆಯಲ್ಲೂ ಒಂದೇ ಕಂಪನಿಯ ಒಬ್ಬೊಬ್ಬ ಆಳು ಸ್ಟೂಲ್ ಹಾಕಿಕೊಂಡು ಕೂತಿದ್ದಾನೆ ಅಂದುಕೊಳ್ಳಿ. ಮೊದಲ ಅಂಗಡಿಯಲ್ಲಿ ನಿಮ್ಮ ಸೆರಗಿಗೆ ನಿಮಗೆ ಗೊತ್ತಾಗದಂತೆ ಒಂದು ನಂಬರ್ ಚೀಟಿ ಅಂಟಿಸುತ್ತಾನೆ. ಆಮೇಲೆ ನೀವು ಎಲ್ಲಿಗೆ ಹೋದರೂ ಅಲ್ಲಿಯ ಆಳು ಬರೆದುಕೊಳ್ಳುತ್ತಾನೆ: ಹತ್ತಕ್ಕೆ ಸೀರೆ ಅಂಗಡಿ, ಹನ್ನೊಂದಕ್ಕೆ ಔಷಧಿ ಅಂಗಡಿ, ಹನ್ನೆರಡಕ್ಕೆ ಗಿರವಿ ಅಂಗಡಿ. ಥರ್ಡ್ ಪಾರ್ಟಿ ಕುಕೀ ಅಂದರೆ ಆ ಸೆರಗಿನ ಚೀಟಿ. ನೀವು ತೆರೆದ ಸೈಟು ಒಂದು, ಚೀಟಿ ಅಂಟಿಸಿದವನು ಇನ್ನೊಬ್ಬ. ಇದು ಹೀಗಾಗಬಹುದು ಅಂತ ಆಗಲೇ ಗೊತ್ತಿತ್ತು. 1997ರಲ್ಲಿ ಡೇವಿಡ್ ಕ್ರಿಸ್ಟಲ್ ಮತ್ತು ಇದೇ ಮಾಂಟುಲಿ ಸೇರಿ ಬರೆದ ಕುಕೀ ನಿಯಮಾವಳಿಯಲ್ಲಿ, ಮೂರನೆಯವರ ಕುಕೀಗಳನ್ನು ಬ್ರೌಸರು ತಾನಾಗಿ ಒಪ್ಪಿಕೊಳ್ಳಬಾರದು ಅಂತಲೇ ಇತ್ತು. ಬ್ರೌಸರ್ ಮಾಡುತ್ತಿದ್ದ ದೊಡ್ಡ ಕಂಪನಿಗಳು ಆ ಮಾತನ್ನು ಪಾಲಿಸಲಿಲ್ಲ. ಜಾಹೀರಾತಿನ ವ್ಯಾಪಾರ ಅಷ್ಟರಲ್ಲೇ ಅದರ ಮೇಲೆ ಬೇರು ಬಿಟ್ಟಿತ್ತು.

ಸಾಮಾಜಿಕ ಜಾಲತಾಣಗಳು ಇದಕ್ಕೆ ಸೇರಿಸಿದ್ದು ಹೆಸರನ್ನು. ಮಾಮೂಲಿ ಜಾಹೀರಾತು ಕಂಪನಿಗೆ ನೀವು ಒಂದು ನಂಬರ್. ಫೇಸ್‌ಬುಕ್ಕಿಗೆ ನೀವು ಹೆಸರು, ಫೋಟೊ, ಊರು, ಮದುವೆಯಾದ ದಿನ, ನೆಂಟರಿಷ್ಟರ ಪಟ್ಟಿ. 2010ರ ಏಪ್ರಿಲ್‌ನಲ್ಲಿ ಅದು ತನ್ನ ‘ಲೈಕ್’ ಬಟನ್ನನ್ನು ಬೇರೆ ಸೈಟುಗಳಿಗೂ ಕೊಟ್ಟಿತು. ಅದನ್ನು ನೀವು ಒತ್ತಬೇಕಿರಲಿಲ್ಲ. ಪುಟ ತೆರೆದಾಗ ಬಟನ್ನಿನ ಚಿತ್ರ ಫೇಸ್‌ಬುಕ್ಕಿನ ಸರ್ವರಿನಿಂದ ಬರಬೇಕಿತ್ತು, ಹಾಗೆ ಕೇಳುವಾಗಲೇ ಬ್ರೌಸರು ನಿಮ್ಮ ಕುಕೀ ತೋರಿಸಿಬಿಡುತ್ತಿತ್ತು. ಅದರ ಮುಂದಿನ ಹೆಜ್ಜೆ ಪಿಕ್ಸೆಲ್. ಕಣ್ಣಿಗೆ ಏನೂ ಕಾಣಿಸುವುದಿಲ್ಲ. ಸೈಟಿನವರು ತಮ್ಮ ಪುಟದಲ್ಲಿ ಇಟ್ಟುಕೊಳ್ಳುವ ನಾಲ್ಕು ಸಾಲಿನ ಕೋಡು ಅದು. ಯಾವ ಪುಟ ನೋಡಿದಿರಿ, ಯಾವ ಬಟನ್ ಒತ್ತಿದಿರಿ ಎಂಬುದನ್ನು ಜಾಲತಾಣಕ್ಕೆ ಮುಟ್ಟಿಸುತ್ತದೆ. 2022ರಲ್ಲಿ ‘ದಿ ಮಾರ್ಕಪ್’ ಎಂಬ ಸುದ್ದಿಸಂಸ್ಥೆ ಅಮೆರಿಕದ 100 ಹೆಸರಾಂತ ಆಸ್ಪತ್ರೆಗಳ ಸೈಟುಗಳನ್ನು ಪರೀಕ್ಷಿಸಿತು. 33ರಲ್ಲಿ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಪಿಕ್ಸೆಲ್ ಸಿಕ್ಕಿತು. ಡಾಕ್ಟರ ಅಪಾಯಿಂಟ್‌ಮೆಂಟಿಗೆಂದು ಬಟನ್ ಒತ್ತಿದಾಗ ಆ ಮಾಹಿತಿ ಹೊರಗೆ ಹೋಗುತ್ತಿತ್ತು. ಆ ವರದಿಯನ್ನು ನಾನು ಓದಿದ್ದು ಅಮ್ಮನ ಶನಿವಾರದ ನಂತರ.

ಮೊದಲು ಈ ಒಂದು ಕೆಲಸ

ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನು, ಅದರಲ್ಲಿ ಕ್ರೋಮ್. ಅಲ್ಲಿಂದಲೇ ಶುರು ಮಾಡೋಣ. ಥರ್ಡ್ ಪಾರ್ಟಿ ಕುಕೀಗಳನ್ನು ತೆಗೆದುಹಾಕುತ್ತೇವೆ ಅಂತ ಗೂಗಲ್ 2020ರಲ್ಲಿ ಹೇಳಿತ್ತು, ಗಡುವನ್ನು ಮತ್ತೆ ಮತ್ತೆ ಮುಂದೂಡಿತು, 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಆಪಲ್ಲಿನ ಸಫಾರಿ 2020ರಿಂದಲೇ ಇವನ್ನು ಪೂರ್ತಿ ತಡೆಯುತ್ತಿದೆ. ಕ್ರೋಮ್ ಇಟ್ಟುಕೊಂಡವರು ಮಾತ್ರ ತಾವೇ ಬಾಗಿಲು ಹಾಕಿಕೊಳ್ಳಬೇಕು.

ಕ್ರೋಮ್ ತೆರೆಯಿರಿ. ಮೇಲೆ ಬಲಕ್ಕೆ ಮೂರು ಚುಕ್ಕಿ, ಅದರಲ್ಲಿ ‘ಸೆಟ್ಟಿಂಗ್ಸ್’, ಅಲ್ಲಿ ‘ಪ್ರೈವಸಿ ಅಂಡ್ ಸೆಕ್ಯುರಿಟಿ’, ಅದರೊಳಗೆ ‘ಥರ್ಡ್ ಪಾರ್ಟಿ ಕುಕೀಸ್’. ಕೆಲವು ಫೋನುಗಳಲ್ಲಿ ಇದು ‘ಸೈಟ್ ಸೆಟ್ಟಿಂಗ್ಸ್’ ಒಳಗೆ ಇರುತ್ತದೆ. ‘ಬ್ಲಾಕ್’ ಎಂಬುದನ್ನು ಆರಿಸಿ. ಮುಗಿಯಿತು. ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂತಾದರೆ ಇದನ್ನು ಮಾಡಿ. ಅಂಗಡಿಗಳ ಮೂಲೆಯಲ್ಲಿ ಕೂತ ಆಳಿಗೆ ಸೆರಗಿನ ಚೀಟಿ ಕಾಣುವುದು ನಿಂತಿತು. ಅಂಗಡಿಯವನ ಜತೆ ನಿಮ್ಮ ವ್ಯವಹಾರಕ್ಕೆ ಏನೂ ಆಗುವುದಿಲ್ಲ, ಲಾಗಿನ್‌ಗಳು ಹಾಗೇ ಇರುತ್ತವೆ.

ಬಹಳ ಜನ ಇದನ್ನು ಬಿಟ್ಟು ಕುಕೀ ಅಳಿಸುವುದನ್ನು ವ್ರತದ ಹಾಗೆ ಮಾಡುತ್ತಾರೆ. ವಾರಕ್ಕೊಮ್ಮೆ ‘ಕ್ಲಿಯರ್ ಆಲ್’ ಒತ್ತುತ್ತಾರೆ. ಆಗ ಎಲ್ಲ ಕಡೆಯಿಂದ ಲಾಗೌಟ್ ಆಗುತ್ತದೆ, ಪಾಸ್‌ವರ್ಡು ನೆನಪಾಗುವುದಿಲ್ಲ, ಒಟಿಪಿಗೆ ಕಾಯಬೇಕು. ಮೂರನೇ ವಾರಕ್ಕೆ ಬೇಸತ್ತು ಎಲ್ಲವನ್ನೂ ಬಿಡುತ್ತಾರೆ. ಅಳಿಸಿದ ಮರುಗಳಿಗೆಯಿಂದ ಹೊಸ ಚೀಟಿ ಅಂಟುತ್ತಲೇ ಇರುತ್ತದೆ, ಬಾಗಿಲು ತೆರೆದೇ ಇದೆಯಲ್ಲ. ಮೊದಲು ತಡೆಯಿರಿ, ಆಮೇಲೆ ಹಳೆಯದನ್ನು ಒಂದು ಸಲ ಗುಡಿಸಿ ಹಾಕಿ. ಗುಡಿಸುವಾಗಲೂ ಎಲ್ಲವನ್ನೂ ಎಸೆಯಬೇಕಿಲ್ಲ. ‘ಸೈಟ್ ಸೆಟ್ಟಿಂಗ್ಸ್’ ಒಳಗೆ ‘ಆಲ್ ಸೈಟ್ಸ್’ ಅಂತ ಇದೆ. ಅಲ್ಲಿ ನಿಮ್ಮ ಫೋನಿನಲ್ಲಿ ಏನಾದರೂ ಇಟ್ಟಿರುವ ಸೈಟುಗಳೆಲ್ಲ ಸಾಲಾಗಿ ಕಾಣುತ್ತವೆ. ಒಂದು ಸಲ ಬೆರಳಾಡಿಸಿ ನೋಡಿ. ಎಂದೂ ಹೋಗಿಲ್ಲದ ಹೆಸರುಗಳು ಎಷ್ಟಿವೆ ಅನ್ನುವುದನ್ನು ನೋಡಿದರೆ ನಾನು ಇಷ್ಟು ಹೊತ್ತು ಹೇಳಿದ್ದು ಕಣ್ಣಾರೆ ಕಾಣುತ್ತದೆ. ಗುರುತಿಲ್ಲದವನ್ನು ಒಂದೊಂದಾಗಿ ಅಳಿಸಿ, ಬ್ಯಾಂಕು ಇಮೇಲುಗಳನ್ನು ಬಿಡಿ.

ತಡೆದ ಮೇಲೆ ಅಪರೂಪಕ್ಕೆ ಯಾವುದಾದರೂ ಸೈಟು ಮುಗ್ಗರಿಸುತ್ತದೆ. ಪುಟದೊಳಗಿನ ವಿಡಿಯೊ ತೆರೆಯದಿರಬಹುದು, ಹಣ ಕಟ್ಟುವ ಕಿಟಕಿ ಖಾಲಿ ಬರಬಹುದು. ಹಾಗಾಯಿತೆಂದು ತಡೆಯನ್ನೇ ಪೂರ್ತಿ ತೆಗೆಯಬೇಡಿ. ಅದೇ ‘ಥರ್ಡ್ ಪಾರ್ಟಿ ಕುಕೀಸ್’ ಪುಟದ ಕೆಳಗೆ ಆ ಒಂದು ಸೈಟಿಗೆ ಮಾತ್ರ ವಿನಾಯಿತಿ ಕೊಡಬಹುದು.

ಬ್ರೌಸರ್ ಬದಲಿಸಲು ಮನಸ್ಸಿದ್ದರೆ ನಾನು ಹೇಳುವುದು ಫೈರ್‌ಫಾಕ್ಸ್. ಅದು ಅಡುಗೆಮನೆಯ ಸಾಂಬಾರ ಬಟ್ಟಲಿನ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಸಾಸಿವೆಗೊಂದು ಗುಂಡಿ, ಜೀರಿಗೆಗೊಂದು ಗುಂಡಿ ಇದ್ದ ಹಾಗೆ ಪ್ರತಿ ಸೈಟಿನ ಕುಕೀಗಳಿಗೂ ಬೇರೆ ಬೇರೆ ಡಬ್ಬಿ. ಒಂದರದ್ದು ಇನ್ನೊಂದಕ್ಕೆ ಬೆರೆಯುವುದಿಲ್ಲ. ಕಂಪ್ಯೂಟರಿನ ಫೈರ್‌ಫಾಕ್ಸಿನಲ್ಲಿ ಇದು 2022ರಿಂದ ತಾನಾಗಿಯೇ ಚಾಲೂ ಇರುತ್ತದೆ. ಫೋನಿನಲ್ಲಿ ‘ಎನ್‌ಹ್ಯಾನ್ಸ್ಡ್ ಟ್ರ್ಯಾಕಿಂಗ್ ಪ್ರೊಟೆಕ್ಷನ್’ ಎಂಬಲ್ಲಿ ‘ಸ್ಟ್ರಿಕ್ಟ್’ ಆರಿಸಿಕೊಳ್ಳಿ. ಇನ್ನೊಂದು ದೊಡ್ಡ ಅನುಕೂಲವಿದೆ. ಆಂಡ್ರಾಯ್ಡಿನ ಕ್ರೋಮಿಗೆ ಎಕ್ಸ್‌ಟೆನ್ಷನ್ ಎಂಬ ಪುಟ್ಟ ಜೋಡಣೆಗಳನ್ನು ಹಾಕಲು ಬರುವುದಿಲ್ಲ, ಫೈರ್‌ಫಾಕ್ಸಿಗೆ ಬರುತ್ತದೆ. ‘ಯುಬ್ಲಾಕ್ ಒರಿಜಿನ್’ ಹಾಕಿಕೊಂಡರೆ ಪಿಕ್ಸೆಲ್‌ನಂಥ ಕೋಡು ಪುಟದೊಳಗೆ ಬರುವ ಮೊದಲೇ ತಡೆಯುತ್ತದೆ. ಅದು ಉಚಿತ. ಕಂಪ್ಯೂಟರಿನಲ್ಲಿ ಫೇಸ್‌ಬುಕ್ ನೋಡುವವರಿಗೆ ಫೈರ್‌ಫಾಕ್ಸಿನ ‘ಫೇಸ್‌ಬುಕ್ ಕಂಟೇನರ್’ ಇದೆ. ಜಾಲತಾಣವನ್ನು ಬೇರೆ ಕೋಣೆಯಲ್ಲಿ ಕೂರಿಸಿ ಕದ ಹಾಕುತ್ತದೆ.

ಕ್ರೋಮಿನ ಇನ್‌ಕಾಗ್ನಿಟೊ ಕಿಟಕಿಯ ಬಗ್ಗೆ ತುಂಬ ಜನ ಕೇಳುತ್ತಾರೆ. ಅದು ನಿಮ್ಮ ಫೋನ್ ಕೈಗೆತ್ತಿಕೊಂಡ ಮನೆಯವರಿಂದ ಇತಿಹಾಸ ಮರೆಮಾಡುತ್ತದೆ, ಥರ್ಡ್ ಪಾರ್ಟಿ ಕುಕೀಗಳನ್ನೂ ತಡೆಯುತ್ತದೆ. ಅದರೊಳಗೇ ಜಾಲತಾಣಕ್ಕೆ ಲಾಗಿನ್ ಆದರೆ ಜಾಲತಾಣಕ್ಕೆ ನೀವು ಯಾರೆಂದು ಗೊತ್ತು. ಇಂಟರ್‌ನೆಟ್ ಕೊಡುವ ಕಂಪನಿಗೆ ಯಾವ ಸೈಟಿಗೆ ಹೋದಿರಿ ಎಂಬುದೂ ಕಾಣುತ್ತದೆ.

ಜಾಲತಾಣದ ಕಡೆಯ ಬೀಗ

ಇಷ್ಟು ಬ್ರೌಸರಿನ ಕಡೆಯಿಂದ. ಇನ್ನು ಜಾಲತಾಣದೊಳಗೇ ಹೋಗಿ ಹಾಕಬೇಕಾದ ಬೀಗ ಒಂದಿದೆ, ಅದನ್ನು ಬಲ್ಲವರು ಕಡಿಮೆ.

ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಮಿನ ಸೆಟ್ಟಿಂಗ್ಸಿನಲ್ಲಿ ‘ಅಕೌಂಟ್ಸ್ ಸೆಂಟರ್’ ಇದೆ. ಅದರೊಳಗೆ ‘ಯುವರ್ ಇನ್ಫರ್ಮೇಶನ್ ಅಂಡ್ ಪರ್ಮಿಶನ್ಸ್’, ಅಲ್ಲಿ ‘ಯುವರ್ ಆಕ್ಟಿವಿಟಿ ಆಫ್ ಮೆಟಾ ಟೆಕ್ನಾಲಜೀಸ್’. ಬೇರೆ ಸೈಟು, ಆ್ಯಪ್, ಅಂಗಡಿಗಳು ನಿಮ್ಮ ಬಗ್ಗೆ ಮೆಟಾಗೆ ಏನು ಕಳಿಸಿವೆ ಎಂಬ ಪಟ್ಟಿ ಅದು. ಅಣ್ಣ ಮತ್ತು ನಾನು ಊಟದ ಮೇಜಿನ ಮೇಲೆ ಅವನ ಫೋನ್ ಇಟ್ಟುಕೊಂಡು ಅದನ್ನು ತೆರೆದೆವು. ಮೊದಲ ಸಾಲಲ್ಲಿ ಔಷಧಿ ತರಿಸುವ ಆ್ಯಪ್ ಒಂದು. ಅದರ ಕೆಳಗೆ ಅವನು ಒಂದೇ ಸಲ ಬಡ್ಡಿ ದರ ನೋಡಿದ್ದ ಸಾಲದ ಆ್ಯಪ್. ಅತ್ತೆಯ ಮಗಳಿಗಾಗಿ ಇಣುಕಿದ್ದ ವಧು-ವರರ ಸೈಟು. ದಿನಾ ಓದುವ ಒಂದು ಸುದ್ದಿ ತಾಣ. ರಕ್ತ ಪರೀಕ್ಷೆಯ ಲ್ಯಾಬು. ಒಂದೊಂದನ್ನು ಒತ್ತಿದರೆ ಒಳಗೆ ಎಷ್ಟು ಸಲ ಮಾಹಿತಿ ಬಂದಿದೆ, ಯಾವ ದಿನ ಬಂದಿದೆ ಅಂತ ತೋರಿಸುತ್ತದೆ. ಅಣ್ಣ ಪಟ್ಟಿಯನ್ನು ಕೆಳಗೆ ಸರಿಸುತ್ತಾ ಹೋದ, ಸರಿಸುತ್ತಾ ಹೋದ. ಆರು ತಿಂಗಳ ನಮ್ಮ ಮನೆಯ ಕಷ್ಟಸುಖ ಅಲ್ಲಿ ತೇದಿವಾರು ಇತ್ತು. ಅತ್ತಿಗೆ ತಟ್ಟೆ ಎತ್ತಲು ಬಂದವಳು ನಿಂತು ನೋಡಿ, ತನ್ನ ಫೋನನ್ನೂ ತಂದು ಪಕ್ಕದಲ್ಲಿಟ್ಟಳು.

ಅಲ್ಲಿ ಮಾಡಬೇಕಾದ್ದು ಎರಡು. ‘ಕ್ಲಿಯರ್ ಪ್ರೀವಿಯಸ್ ಆಕ್ಟಿವಿಟಿ’ ಒತ್ತಿದರೆ ಹಳೆಯ ನಂಟು ಕಡಿಯುತ್ತದೆ. ‘ಮ್ಯಾನೇಜ್ ಫ್ಯೂಚರ್ ಆಕ್ಟಿವಿಟಿ’ಯೊಳಗೆ ‘ಡಿಸ್ಕನೆಕ್ಟ್’ ಆರಿಸಿದರೆ ಮುಂದೆ ಬರುವುದೂ ನಿಮ್ಮ ಖಾತೆಗೆ ಸೇರುವುದಿಲ್ಲ. ಎರಡನೆಯದೇ ಮುಖ್ಯ, ಬಹಳಷ್ಟು ಜನ ಮೊದಲನೆಯದನ್ನು ಮಾಡಿ ಹೊರಬರುತ್ತಾರೆ. ಫೇಸ್‌ಬುಕ್ ಮೂಲಕ ಲಾಗಿನ್ ಆಗಿದ್ದ ಕೆಲವು ಆ್ಯಪ್‌ಗಳಿಂದ ಹೊರಬೀಳಬಹುದು, ಅವಕ್ಕೆ ಇಮೇಲ್ ಮತ್ತು ಪಾಸ್‌ವರ್ಡ್ ಇಟ್ಟುಕೊಳ್ಳಿ. ಇನ್ನೊಂದು ಮಾತನ್ನು ಸ್ಪಷ್ಟವಾಗಿ ತಿಳಿದಿರಬೇಕು. ಹೀಗೆ ಮಾಡಿದರೂ ಮಾಹಿತಿ ಮೆಟಾಗೆ ಹೋಗುತ್ತಲೇ ಇರುತ್ತದೆ, ನಿಮ್ಮ ಹೆಸರಿನ ಖಾತೆಗೆ ಜೋಡಿಸುವುದು ಮಾತ್ರ ನಿಲ್ಲುತ್ತದೆ. ಹಾಗಾಗಿ ಬ್ರೌಸರಿನ ಬೀಗವೂ ಬೇಕು, ಇದೂ ಬೇಕು.

ಗೂಗಲ್ಲಿನದ್ದು ‘ಮೈ ಆ್ಯಡ್ ಸೆಂಟರ್’. ಗೂಗಲ್ ಖಾತೆಯೊಳಗೆ ಹುಡುಕಿ, ‘ಪರ್ಸನಲೈಸ್ಡ್ ಆ್ಯಡ್ಸ್’ ಆಫ್ ಮಾಡಿ. ಆಂಡ್ರಾಯ್ಡ್ 12 ಮತ್ತು ಅದರ ನಂತರದ ಫೋನುಗಳಲ್ಲಿ ಸೆಟ್ಟಿಂಗ್ಸಿನ ‘ಪ್ರೈವಸಿ’ಯೊಳಗೆ ‘ಆ್ಯಡ್ಸ್’ ಎಂಬಲ್ಲಿ ‘ಡಿಲೀಟ್ ಅಡ್ವರ್ಟೈಸಿಂಗ್ ಐಡಿ’ ಸಿಗುತ್ತದೆ. ಆ್ಯಪ್‌ಗಳಿಗೆ ಕುಕೀ ಇಲ್ಲ, ಅವುಗಳ ಸೆರಗಿನ ಚೀಟಿ ಈ ಐಡಿ. ಅಳಿಸಿಬಿಡಿ. ಐಫೋನಿನಲ್ಲಿ ‘ಟ್ರ್ಯಾಕಿಂಗ್’ ಎಂಬಲ್ಲಿ ‘ಅಲೋ ಆ್ಯಪ್ಸ್ ಟು ರಿಕ್ವೆಸ್ಟ್ ಟು ಟ್ರ್ಯಾಕ್’ ಆಫ್ ಮಾಡಿದರೆ ಅಷ್ಟೇ ಕೆಲಸವಾಗುತ್ತದೆ.

ಜಾಲತಾಣದ ಆ್ಯಪಿನೊಳಗೆ ಒಂದು ಲಿಂಕ್ ಒತ್ತಿದರೆ ಅದು ಸಾಮಾನ್ಯವಾಗಿ ನಿಮ್ಮ ಕ್ರೋಮಿನಲ್ಲಿ ತೆರೆಯುವುದಿಲ್ಲ, ಆ್ಯಪಿನ ಹೊಟ್ಟೆಯೊಳಗಿನ ಬ್ರೌಸರಿನಲ್ಲಿ ತೆರೆಯುತ್ತದೆ. ನೀವು ಹಾಕಿದ ಬೀಗಗಳು ಅಲ್ಲಿ ಇಲ್ಲ. ಆರೋಗ್ಯ, ಸಾಲ, ಕೋರ್ಟು ಕಚೇರಿಯ ವಿಷಯವಾದರೆ ಮೇಲಿನ ಮೂರು ಚುಕ್ಕಿ ಒತ್ತಿ ಹೊರಗಿನ ಬ್ರೌಸರಿನಲ್ಲಿ ತೆರೆಯಿರಿ.

ಆ್ಯಪ್ ಇಟ್ಟುಕೊಳ್ಳುವುದರ ಬಗ್ಗೆಯೇ ಒಂದು ಮಾತು. 2025ರ ಜೂನ್‌ನಲ್ಲಿ ಸ್ಪೇನಿನ ಐಎಂಡಿಇಎ ನೆಟ್‌ವರ್ಕ್ಸ್, ನೆದರ್‌ಲ್ಯಾಂಡ್ಸಿನ ರಾಡ್‌ಬೌಡ್ ಮತ್ತು ಬೆಲ್ಜಿಯಮ್ಮಿನ ಕೆಯು ಲ್ಯೂವೆನ್ ವಿಶ್ವವಿದ್ಯಾಲಯಗಳ ಸಂಶೋಧಕರು ಒಂದು ಸಂಗತಿ ಬಯಲಿಗೆ ತಂದರು. ಆಂಡ್ರಾಯ್ಡ್ ಫೋನಿನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಆ್ಯಪ್‌ಗಳು ಹಿನ್ನೆಲೆಯಲ್ಲಿ ಕಿವಿಗೊಟ್ಟು ಕೂತಿರುತ್ತಿದ್ದವು. ಬ್ರೌಸರಿನಲ್ಲಿ ನೀವು ತೆರೆದ ಪುಟದ ಪಿಕ್ಸೆಲ್, ಫೋನಿನೊಳಗೇ ಆ ಆ್ಯಪಿಗೆ ಕುಕೀಯ ಗುರುತನ್ನು ದಾಟಿಸುತ್ತಿತ್ತು. ಕುಕೀ ಅಳಿಸಿದ್ದರೂ, ಇನ್‌ಕಾಗ್ನಿಟೊದಲ್ಲಿದ್ದರೂ ದಾಟುತ್ತಿತ್ತು. ರಷ್ಯಾದ ಯಾಂಡೆಕ್ಸ್ 2017ರಿಂದಲೇ ಇಂಥದ್ದನ್ನು ಮಾಡುತ್ತಿತ್ತು ಅಂತಲೂ ಅವರು ತೋರಿಸಿದರು. ಸುದ್ದಿ ಹೊರಬಿದ್ದಾಗ ಮೆಟಾ ಅದನ್ನು ನಿಲ್ಲಿಸಿತು. ಇದನ್ನು ಓದಿದ ಮೇಲೆ ನಾನು ನನ್ನ ಫೋನಿನಿಂದ ಜಾಲತಾಣಗಳ ಆ್ಯಪ್ ತೆಗೆದುಹಾಕಿದೆ. ಫೋಟೊ ನೋಡಬೇಕೆನಿಸಿದಾಗ ಬ್ರೌಸರಿನಲ್ಲೇ ತೆರೆದು, ನೋಡಿ, ಲಾಗೌಟ್ ಆಗುತ್ತೇನೆ. ಎರಡು ನಿಮಿಷ ಹೆಚ್ಚು ಬೇಕಾಗುತ್ತದೆ, ಅಷ್ಟು ಸಮಯ ಕೊಡಲು ನನಗೆ ಬೇಸರವಿಲ್ಲ. ನಿಮ್ಮ ಕೆಲಸಕ್ಕೆ ಆ್ಯಪ್ ಬೇಕೇಬೇಕು ಅಂತಿದ್ದರೆ ಇಟ್ಟುಕೊಳ್ಳಿ, ಉಳಿದ ಬೀಗಗಳನ್ನು ಹಾಕಿ.

ಒಪ್ಪಿಗೆಯ ಪಟ್ಟಿ ಬಂದಾಗ ದೊಡ್ಡ ಬಣ್ಣದ ಬಟನ್ ಒತ್ತಬೇಡಿ. ‘ರಿಜೆಕ್ಟ್ ಆಲ್’ ಇದ್ದರೆ ಅದು, ಇಲ್ಲದಿದ್ದರೆ ‘ಮ್ಯಾನೇಜ್’ ಒಳಗೆ ಹೋಗಿ ಅಗತ್ಯವಾದದ್ದನ್ನು ಮಾತ್ರ ಬಿಡಿ. ಈಗ ಬರುತ್ತಿರುವ ಕಾನೂನು ಈ ವಿಷಯದಲ್ಲಿ ನಮ್ಮ ಪರ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ. ಎಂಬತ್ತು ದಾಟಿದ ಮೇಲೆ ಬೆಂಗಳೂರಿನಿಂದ ಆಧಾರ್ ವಿರುದ್ಧ ಅರ್ಜಿ ಹಾಕಿದ ಆ ಹಿರಿಯರಿಗೆ ನಾವೆಲ್ಲ ಋಣಿಗಳು. ಅದರ ನೆಲೆಯ ಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳು ಜಾರಿಯಾಗಲು 18 ತಿಂಗಳ ಅವಧಿ ಇದೆ. ಅದರಲ್ಲಿ ಎರಡು ಅಂಶ ನನಗೆ ಬಹಳ ಹಿಡಿಸಿವೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸು ಪಡೆಯುವುದೂ ಅಷ್ಟೇ ಸುಲಭವಿರಬೇಕು ಎಂಬುದು ಒಂದು. ಇನ್ನೊಂದು, ಒಪ್ಪಿಗೆ ಕೇಳುವ ಬರಹವನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಅವಕಾಶ ಇರಬೇಕು ಎಂಬುದು. ಅಂದರೆ ಕನ್ನಡದಲ್ಲೂ. ಆ ದಿನ ಬಂದಾಗ ಕನ್ನಡದಲ್ಲಿ ಕೊಡಿ ಅಂತ ಕೇಳಿ, ಕೇಳುವವರಿದ್ದರೆ ಕೊಡುತ್ತಾರೆ.

ಕುಕೀ, ಪಿಕ್ಸೆಲ್ ಎಲ್ಲ ತಡೆದ ಮೇಲೂ ಉಳಿಯುವ ಒಂದು ದಾರಿ ನಮ್ಮ ಮೊಬೈಲ್ ನಂಬರ್. ಗ್ರಾಹಕರ ಫೋನ್ ನಂಬರುಗಳ ಪಟ್ಟಿಯನ್ನು ಅಂಗಡಿಗಳು ಜಾಹೀರಾತಿಗಾಗಿ ಜಾಲತಾಣಗಳಿಗೆ ಕೊಡಬಹುದು, ಅಲ್ಲಿ ಅದು ಖಾತೆಯ ಜತೆ ಹೊಂದಿಕೊಳ್ಳುತ್ತದೆ. ಇದಕ್ಕೆ ಬ್ರೌಸರಿನಲ್ಲಿ ಬಟನ್ ಇಲ್ಲ. ಬಿಲ್ ಹಾಕಲು ಗ್ರಾಹಕರ ನಂಬರಿಗೆ ಒತ್ತಾಯ ಮಾಡಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ಇದನ್ನು ಅಮ್ಮನಿಗೆ ಒಂದು ದಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಹೇಳಿದ್ದೆ. ಕಳೆದ ತಿಂಗಳು ಔಷಧಿ ಅಂಗಡಿಯಲ್ಲಿ ಹುಡುಗ ಕಂಪ್ಯೂಟರಿನ ಮೇಲೆ ಕಣ್ಣಿಟ್ಟುಕೊಂಡೇ “ನಂಬರ್ ಹೇಳಿ ಅಮ್ಮಾ” ಅಂದ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, “ನಂಬರ್ ಬೇಡಪ್ಪ, ಬಿಲ್ಲು ಕಾಗದದಲ್ಲಿ ಕೊಡು” ಅಂದಳು. ಹುಡುಗ ಒಮ್ಮೆ ತಲೆಯೆತ್ತಿ ನೋಡಿ, ಆ ಜಾಗ ಖಾಲಿ ಬಿಟ್ಟು, ಬಿಲ್ಲು ಹರಿದು ಕೊಟ್ಟ.